ಗೋಡೆ ಉಳಿಯಿತು, ಊರು ಸುಟ್ಟಿತು: ಸಾಂ-ಮಾಲೊದಲ್ಲಿ ಒಂದು ಶನಿವಾರ

ನಾನು ಉಳ್ಳಾಲದವರು. ಈಗ ಫ್ರಾನ್ಸ್‌ನ ರೆನ್ ಎಂಬ ಊರಲ್ಲಿ ಮಾಸ್ಟರ್ಸ್ ಓದ್ತಾ ಇದ್ದೇನೆ. ರೆನ್ ಅಂದ್ರೆ ಬ್ರಿಟನಿ ಪ್ರಾಂತ್ಯದ ರಾಜಧಾನಿ. ಸಮುದ್ರ ಇಲ್ಲ. ಕರಾವಳಿಯಲ್ಲಿ ಹುಟ್ಟಿದವರಿಗೆ ಸಮುದ್ರ ಇಲ್ಲದ ಊರಲ್ಲಿ ಎರಡು ತಿಂಗಳಾದ್ರೆ ಒಂಥರಾ ಮೂಗು ಕಟ್ಟಿದ ಹಾಗೆ ಆಗ್ತದೆ. ಅದಕ್ಕೇ ಒಂದು ಶನಿವಾರ ಸಾಂ-ಮಾಲೊಗೆ ಹೋದೆವು. ಇಂಗ್ಲಿಷಲ್ಲಿ ಸೇಂಟ್ ಮಾಲೊ ಅಂತಾರೆ, ಮ್ಯಾಪಲ್ಲಿ ಹುಡುಕೋರು ಹಾಗೇ ಟೈಪ್ ಮಾಡಿ. ಲೋಕಲ್ ಟ್ರೈನಲ್ಲಿ ಒಂದು ಗಂಟೆಯೂ ಬೇಡ. ಇವತ್ತು ಆ ಊರಿನ ಬಗ್ಗೆ ಮಾತಾಡ್ತೇನೆ. ಇನ್‌ಸ್ಟಾ ರೀಲ್ಸ್‌ನಲ್ಲಿ ಕಾಣುವ ಊರಿನ ಬಗ್ಗೆ ಸ್ವಲ್ಪ ಕಡಿಮೆ, ಕಾಣದ್ದರ ಬಗ್ಗೆ ಸ್ವಲ್ಪ ಹೆಚ್ಚು.

ನನ್ನ ಜೊತೆ ಬಂದದ್ದು ಒಬ್ಬಳು ಕ್ಲಾಸ್‌ಮೇಟ್. ಅವಳು ಮಾರಿಷಸ್‌ನವಳು. ಅವಳ ಮುತ್ತಜ್ಜನ ಅಪ್ಪನೋ ಅಜ್ಜನೋ ಭಾರತದಿಂದ ಕಬ್ಬಿನ ಗದ್ದೆಯ ಕೂಲಿಗೆ ಹೋದವರು. ಮನೆಯಲ್ಲಿ ಕ್ರಿಯೋಲ್, ಕ್ಲಾಸಲ್ಲಿ ಫ್ರೆಂಚ್, ನನ್ನ ಹತ್ರ ಇಂಗ್ಲಿಷ್. ಅವಳನ್ನು ಇಲ್ಲಿ ಸುಮ್ಮನೆ ಹೇಳ್ತಿಲ್ಲ, ಅವಳಿಲ್ಲದಿದ್ರೆ ಈ ಎಪಿಸೋಡಿನ ಅರ್ಧ ಭಾಗ ಇರ್ತಿರಲಿಲ್ಲ.

ಮೊದಲು ಊರು ಹೇಗಿದೆ ಅಂತ ಕಣ್ಣಿಗೆ ಕಟ್ಟಿಕೊಳ್ಳಿ. ಸಮುದ್ರಕ್ಕೆ ಚಾಚಿದ ಬಂಡೆಯ ಮೇಲೆ ಒಂದು ಪುಟ್ಟ ಊರು. ಸುತ್ತ ಕಲ್ಲಿನ ಗೋಡೆ. ಗೋಡೆಯ ಮೇಲೆ ನಡೆಯುವಷ್ಟು ಅಗಲ ಜಾಗ ಇದೆ, ಪೂರ್ತಿ ಸುತ್ತು ಎರಡು ಕಿಲೋಮೀಟರ್ ಒಳಗೇ, ಟಿಕೆಟ್ ಇಲ್ಲ. ಸ್ಟೂಡೆಂಟ್‌ಗಳಿಗೆ ಇದಕ್ಕಿಂತ ಒಳ್ಳೆ ಸುದ್ದಿ ಏನುಂಟು? ಒಂದು ಕಡೆ ಇಣುಕಿದ್ರೆ ಸಮುದ್ರ, ಇನ್ನೊಂದು ಕಡೆ ಇಣುಕಿದ್ರೆ ಯಾರದ್ದೋ ಮನೆಯ ಕಿಟಕಿ. ಈ ಗೋಡೆಯೊಳಗಿನ ಊರನ್ನು ಅವರು 'ಇಂಟ್ರಾ ಮುರೋಸ್' ಅಂತಾರೆ. ಲ್ಯಾಟಿನ್ ಪದ, ಗೋಡೆಯ ಒಳಗೆ ಅಂತ ಅರ್ಥ. ಗೋಡೆಯ ಕೆಲವು ಭಾಗ 12ನೇ ಶತಮಾನದ್ದು, 18ನೇ ಶತಮಾನದಲ್ಲಿ ಹಿಗ್ಗಿಸಿ ಕಟ್ಟಿದ್ದಾರೆ.

ಆದ್ರೆ ನಾನು ಮೊದಲು ನೋಡಿದ್ದು ಗೋಡೆಯನ್ನಲ್ಲ, ನೀರನ್ನು. ನಾವು ಹೋದದ್ದು ಸೆಪ್ಟೆಂಬರ್ ಕೊನೆಗೆ, ಹುಣ್ಣಿಮೆ ಕಳೆದ ಮರುದಿನ. ಬೆಳಿಗ್ಗೆ ಹತ್ತಕ್ಕೆ ಗೋಡೆ ಹತ್ತಿದಾಗ ಕೆಳಗೆ ನೀರು. ಮಧ್ಯಾಹ್ನ ಎರಡಕ್ಕೆ ಅದೇ ಜಾಗದಲ್ಲಿ ಮರಳು, ಪಾಚಿ ಕಟ್ಟಿದ ಬಂಡೆ, ಚಪ್ಪಲಿ ಕೈಯಲ್ಲಿ ಹಿಡಿದು ಓಡಾಡುವ ಜನ. ನಮ್ಮ ಮಂಗಳೂರು ಕಡೆ ಉಬ್ಬರ ಇಳಿತದ ನಡುವೆ ನೀರಿನ ಮಟ್ಟದಲ್ಲಿ ಬರುವ ವ್ಯತ್ಯಾಸ ಒಂದೂವರೆ ಮೀಟರ್ ಆಸುಪಾಸು. ಇಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ 12 ಮೀಟರ್ ದಾಟ್ತದೆ. ನಾಲ್ಕು ಮಾಳಿಗೆ ಕಟ್ಟಡದಷ್ಟು ನೀರು ಆರು ಗಂಟೆಯಲ್ಲಿ ಹೋಗ್ತದೆ, ಇನ್ನು ಆರು ಗಂಟೆಯಲ್ಲಿ ವಾಪಸ್ ಬರ್ತದೆ, ದಿನಕ್ಕೆ ಎರಡು ಸಲ. ಯುರೋಪಿನಲ್ಲಿ ಅತಿ ದೊಡ್ಡ ಉಬ್ಬರ ಇಳಿತ ಇರುವ ಜಾಗಗಳಲ್ಲಿ ಇದೂ ಒಂದು. ಕಾರಣ ಇಷ್ಟೇ: ಅಟ್ಲಾಂಟಿಕ್‌ನಿಂದ ಬರುವ ಉಬ್ಬರದ ಅಲೆ ಇಂಗ್ಲಿಷ್ ಕಡಲ್ಗಾಲುವೆಯೊಳಗೆ ನುಗ್ಗಿ, ಎದುರಿಗೆ ಅಡ್ಡ ನಿಂತ ಒಂದು ಪರ್ಯಾಯ ದ್ವೀಪಕ್ಕೆ ಬಡಿದು, ಈ ಮೂಲೆಯಲ್ಲಿ ಪೇರಿಕೊಳ್ತದೆ. ಬಕೆಟಲ್ಲಿ ನೀರು ತುಂಬಿ ಅಲ್ಲಾಡಿಸಿದ್ರೆ ಅಂಚಲ್ಲಿ ಎತ್ತರಕ್ಕೆ ಏರ್ತದಲ್ಲ, ಹೆಚ್ಚುಕಮ್ಮಿ ಹಾಗೆ.

ಪಕ್ಕದ ರಾನ್ಸ್ ನದಿಯ ಬಾಯಿಗೆ ಅಣೆಕಟ್ಟು ಕಟ್ಟಿ 1966ರಲ್ಲೇ ಈ ನೀರಿನಿಂದ ಕರೆಂಟ್ ಮಾಡಲು ಶುರು ಮಾಡಿದ್ದಾರೆ. 24 ಟರ್ಬೈನ್, 240 ಮೆಗಾವ್ಯಾಟ್. ಜಗತ್ತಿನ ಮೊದಲ ದೊಡ್ಡ ಉಬ್ಬರ ವಿದ್ಯುತ್ ಘಟಕ ಅದು. 2011ರಲ್ಲಿ ಕೊರಿಯಾದವರು ಇನ್ನೂ ಸ್ವಲ್ಪ ದೊಡ್ಡದು ಕಟ್ಟುವವರೆಗೆ ಅದೇ ನಂಬರ್ ಒನ್.

ಇನ್ನೊಂದು ನೋಡಿದ್ದು, ಬೀಚಿನ ಉದ್ದಕ್ಕೂ ಮರದ ಕಾಂಡಗಳು. ಓಕ್ ಮರದ ದಪ್ಪ ಕಾಂಡಗಳನ್ನು ಮರಳಲ್ಲಿ ಸಾಲಾಗಿ ನೆಟ್ಟಿದ್ದಾರೆ, ಸುಮಾರು 3000 ಇವೆಯಂತೆ. ಅಲೆ ದಂಡೆಗೆ ಹೊಡೆಯುವ ಮೊದಲು ಈ ಕಾಂಡಗಳಿಗೆ ಹೊಡೆದು ಸುಸ್ತಾಗಬೇಕು, ಅದು ಐಡಿಯಾ. 19ನೇ ಶತಮಾನದಿಂದ ಹೀಗೇ ನಡೀತಾ ಇದೆ, ಹಳತಾದ್ದನ್ನು ಕಿತ್ತು ಹೊಸದು ನೆಡ್ತಾರೆ. ಪ್ರವಾಸಿಗರು ಅದಕ್ಕೆ ಒರಗಿ ಫೋಟೋ ತೆಗೀತಾರೆ. ನಾನಂತೂ ಅದರ ಮುಂದೆ ಬಹಳ ಹೊತ್ತು ನಿಂತೆ. ಉಳ್ಳಾಲ, ಸೋಮೇಶ್ವರದ ಕಡೆಯವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ. ಪ್ರತೀ ಮಳೆಗಾಲ ಕಡಲ್ಕೊರೆತ, ಪ್ರತೀ ಮಳೆಗಾಲ ಲಾರಿಯಲ್ಲಿ ಕಲ್ಲು, ಮತ್ತೆ ಮುಂದಿನ ವರ್ಷ ಅದೇ ನ್ಯೂಸ್. ಸಮುದ್ರವೂ ಬೇರೆ, ಮರಳೂ ಬೇರೆ, ಅಲ್ಲಿಯ ಕಾಂಡ ತಂದು ಇಲ್ಲಿ ನೆಟ್ರೆ ಆಗ್ತದೆ ಅಂತ ನಾನು ಹೇಳ್ತಿಲ್ಲ. ಆದ್ರೆ ಸವೆದ ಕಾಂಡವನ್ನು ಬದಲಿಸುವುದು ಅಲ್ಲಿ ಸುದ್ದಿಯೇ ಅಲ್ಲ, ದಿನದ ಕೆಲಸ. ಅದು ನೋಡಿ ಹೊಟ್ಟೆ ಉರೀತು, ಅಷ್ಟೇ.

ಸರಿ, ಈಗ ಗೋಡೆಯ ಒಳಗೆ ಬರುವಾ. ಎತ್ತರದ ಬೂದು ಗ್ರಾನೈಟ್ ಮನೆಗಳು, ಕಡಿದಾದ ಮಾಡು, ಉದ್ದದ ಚಿಮಣಿ. ನೋಡಿದ ಕೂಡಲೇ ಮುನ್ನೂರು ವರ್ಷ ಹಳೆಯದು ಅನ್ನಿಸ್ತದೆ. ಆದ್ರೆ ಒಂದೇ ಬೀದಿಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಕಿಟಕಿಗಳು ಎಲ್ಲಾ ಒಂದೇ ಅಳತೆ. ಕಲ್ಲುಗಳ ಅಂಚು ಚೊಕ್ಕ. ಹಳೆ ಊರಲ್ಲಿ ಇರಬೇಕಾದ ಸೊಟ್ಟ ಗೋಡೆ, ಆಚೆ ಈಚೆ ವಾಲಿದ ಬಾಗಿಲು, ಅದೆಲ್ಲ ತೀರಾ ಕಡಿಮೆ. ಯಾಕಂದ್ರೆ ಈ ಊರಿನ ಬಹುಪಾಲು ಮನೆಗಳಿಗೆ ನಮ್ಮ ಅಜ್ಜಂದಿರ ವಯಸ್ಸು.

1944ರ ಆಗಸ್ಟ್. ಅಮೆರಿಕನ್ ಸೈನ್ಯ ನಾರ್ಮಂಡಿಯಿಂದ ಇಳಿದು ಬರ್ತಾ ಇತ್ತು. ಬಂದರು ಊರುಗಳನ್ನು ಬಿಟ್ಟುಕೊಡಬಾರದು ಅಂತ ಹಿಟ್ಲರ್‌ನ ಆದೇಶ. ಜರ್ಮನ್ ಕಮಾಂಡರ್ ಕೂತಿದ್ದದ್ದು ಗೋಡೆಯೊಳಗಲ್ಲ, ಪಕ್ಕದ ಅಲೆತ್ ಎಂಬ ಗುಡ್ಡದ ಕಾಂಕ್ರೀಟ್ ಬಂಕರಿನಲ್ಲಿ. ಆದ್ರೆ ಸುಟ್ಟದ್ದು ಗೋಡೆಯೊಳಗಿನ ಊರು. ಫಿರಂಗಿ, ಬಾಂಬ್, ಬೆಂಕಿ, ಒಂದು ವಾರದ ತನಕ ಆರಲಿಲ್ಲ. ಒಳಗಿನ ಕಟ್ಟಡಗಳಲ್ಲಿ ಸುಮಾರು 80% ನಾಶ. ಚರ್ಚಿನ ಗೋಪುರ ಮುರಿದು ಬಿತ್ತು. ಆಗಸ್ಟ್ 17ಕ್ಕೆ ಕಮಾಂಡರ್ ಶರಣಾದ.

ಸಮುದ್ರದಲ್ಲಿ ಗೋಡೆಯ ಎದುರಿಗೇ ಒಂದು ಬಂಡೆ ಮೇಲೆ ಪುಟ್ಟ ಕೋಟೆ ಇದೆ, ಫೋರ್ ನಾಸಿಯೊನಾಲ್ ಅಂತ. 1689ರಲ್ಲಿ ಕಟ್ಟಿದ್ದು. ನೀರು ಇಳಿದಾಗ ನಡೆದು ಹೋಗಬಹುದು. ಆ ಆಗಸ್ಟಿನಲ್ಲಿ ಜರ್ಮನ್ನರು ಊರಿನ ಸುಮಾರು 380 ಗಂಡಸರನ್ನು ಹಿಡಿದು ಅಲ್ಲಿ ಕೂಡಿಹಾಕಿದ್ರು. ಕೋಟೆಯ ಮೇಲೆ ಶೆಲ್ ಬಿದ್ದು 18 ಜನ ಸತ್ರು. ಉಳಿದವರು ಆ ಬಂಡೆಯ ಮೇಲೆ ನಿಂತು ಎದುರಿಗೆ ತಮ್ಮದೇ ಮನೆ ಉರಿಯುವುದನ್ನು ನೋಡಿದ್ರು. ನಾವು ಹೋದಾಗ ಆ ಕೋಟೆಯ ಕೆಳಗಿನ ಮರಳಲ್ಲಿ ಮಕ್ಕಳು ಏಡಿ ಹಿಡೀತಾ ಇದ್ರು.

ದೂರದಲ್ಲಿ ಕಾಣುವ ಇನ್ನೊಂದು ದ್ವೀಪ ಸೆಜಾಂಬ್ರ್. ಅಲ್ಲಿದ್ದ ಜರ್ಮನ್ ಪಡೆ ಸೆಪ್ಟೆಂಬರ್ 2ರ ತನಕ ಮಣಿಯಲಿಲ್ಲ. ಅದರ ಮೇಲೆ ಎಷ್ಟು ಬಾಂಬ್ ಸುರಿದಿದ್ರು ಅಂದ್ರೆ, ಸಿಡಿಯದೆ ಉಳಿದವುಗಳ ಭಯದಿಂದ ದ್ವೀಪದ ಹೆಚ್ಚಿನ ಭಾಗ ಈಗಲೂ ಮುಚ್ಚಿದೆ. ಒಂದು ನಡಿಗೆ ದಾರಿಯನ್ನು ಜನರಿಗೆ ತೆರೆದದ್ದು 2018ರಲ್ಲಿ.

ಮಜಾ ನೋಡಿ, ಸುತ್ತುಗೋಡೆ ಮಾತ್ರ ಹೆಚ್ಚುಕಮ್ಮಿ ಹಾಗೇ ಉಳಿಯಿತು. ಯಾವುದನ್ನು ಕಾಯಲು ಕಟ್ಟಿದ್ರೋ ಅದು ಹೋಯ್ತು, ಕಾವಲುಗಾರ ಉಳಿದ.

ಯುದ್ಧ ಮುಗಿದ ಮೇಲೆ ಏನು ಮಾಡುವುದು? ಇದೇ ಬೆಲ್ಟಿನ ಇನ್ನೊಂದು ಬಂದರು ಲ ಆವ್ರ್ ಕೂಡ 1944ರಲ್ಲೇ ನೆಲಸಮ ಆಗಿತ್ತು. ಅಲ್ಲಿ ಆಗುಸ್ತ್ ಪೆರೆ ಎಂಬ ವಾಸ್ತುಶಿಲ್ಪಿ ಪೂರ್ತಿ ಕಾಂಕ್ರೀಟಿನ ಹೊಸ ನಗರ ಕಟ್ಟಿದ, ಅದು 2005ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಸಾಂ-ಮಾಲೊದವರು ಉಲ್ಟಾ ದಾರಿ ಹಿಡಿದ್ರು. ಹೊರಗಿಂದ ನೋಡಿದ್ರೆ ಮೊದಲಿನ ಹಾಗೇ ಕಾಣಬೇಕು. ಅದೇ ಗ್ರಾನೈಟ್, ಅದೇ ಮಾಡಿನ ಇಳಿಜಾರು, ಅದೇ ಚಿಮಣಿ. ಒಳಗೆ ಮಾತ್ರ ಬೆಳಕು, ಗಾಳಿ, ಬಚ್ಚಲು, ಸ್ವಲ್ಪ ಅಗಲದ ರಸ್ತೆ. ಮುಖ್ಯ ವಾಸ್ತುಶಿಲ್ಪಿ ಲೂಯಿ ಆರೆಶ್. ಚರ್ಚಿನ ಗೋಪುರದ ಕೆಲಸ ಮುಗಿದದ್ದು 1972ರಲ್ಲಿ.

ರೆನ್‌ನಲ್ಲಿ ನನ್ನ ಕ್ಲಾಸಿನ ಒಬ್ಬ ಹುಡುಗ ಇದನ್ನು 'ಡಿಸ್ನಿಲ್ಯಾಂಡ್' ಅಂತಾನೆ. ಡೂಪ್ಲಿಕೇಟ್ ಹಳೇ ಊರು, ಅದಕ್ಕೆ ಯಾಕೆ ಹೋಗ್ತೀರಿ ಅಂತ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಡಿಸ್ನಿಲ್ಯಾಂಡನ್ನು ಟಿಕೆಟ್ ಮಾರಲು ಕಟ್ತಾರೆ. ಇದನ್ನು ಕಟ್ಟಿದ್ದು ಟೆಂಟಿನಲ್ಲಿ, ಬ್ಯಾರಕ್ಕಿನಲ್ಲಿ, ನೆಂಟರ ಮನೆಯಲ್ಲಿ ವರ್ಷಗಟ್ಟಲೆ ಕಾದ ಜನ ವಾಪಸ್ ಬಂದು ಇರಲಿಕ್ಕೆ. ತಮ್ಮ ಬೀದಿ ತಮಗೆ ಗುರುತು ಸಿಗಬೇಕು ಅಂತ ಅವರು ಕೇಳಿದ್ರೆ ಅದು ನಕಲಿ ಹೇಗಾಗ್ತದೆ? ಅಷ್ಟಕ್ಕೂ ಅದಕ್ಕಿಂತ ಹಿಂದೆಯೂ ಈ ಊರು ಸುಟ್ಟಿತ್ತು, 1661ರಲ್ಲಿ. ಆಗ ಮರದ ಮನೆಗಳಿದ್ವು. ಆ ಬೆಂಕಿಯ ನಂತರವೇ ಕಲ್ಲಿನಲ್ಲಿ ಕಟ್ಟಲು ಶುರು ಮಾಡಿದ್ದು. ಹಾಗಾದ್ರೆ ಒರಿಜಿನಲ್ ಯಾವುದು?

ಆದ್ರೆ ಅವನ ಮಾತಲ್ಲಿ ಒಂದು ಸತ್ಯ ಉಂಟು, ಅದು ಕಲ್ಲಿನದ್ದಲ್ಲ, ಮನೆಯದ್ದು. ವಾಪಸ್ ಬಂದವರ ಮಕ್ಕಳು ಮೊಮ್ಮಕ್ಕಳು ಈಗ ಅಲ್ಲಿ ಇರಲು ಒದ್ದಾಡ್ತಾ ಇದ್ದಾರೆ. ಎಷ್ಟೋ ಫ್ಲಾಟುಗಳು ಪ್ರವಾಸಿಗರಿಗೆ ದಿನ ಬಾಡಿಗೆಗೆ, ಇನ್ನೆಷ್ಟೋ ಪ್ಯಾರಿಸ್ಸಿನವರ ರಜೆ ಮನೆ. ಬಾಗಿಲ ಪಕ್ಕ ಕೀ ಇಡುವ ನಂಬರ್ ಲಾಕಿನ ಪುಟ್ಟ ಡಬ್ಬಿಗಳನ್ನು ನೀವು ಗೋವಾದಲ್ಲೂ ನೋಡಿರಬಹುದು. 2021ರಲ್ಲಿ ನಗರಸಭೆ ಬಡಾವಣೆಗೆ ಇಂತಿಷ್ಟೇ ಅಂತ ದಿನ ಬಾಡಿಗೆ ಮನೆಗಳಿಗೆ ಮಿತಿ ಹಾಕಿತು. ಊಟದ ಅಂಗಡಿಯಲ್ಲಿ ನಮಗೆ ಬಡಿಸಿದ ಹುಡುಗಿ ನಮ್ಮದೇ ವಯಸ್ಸಿನವಳು. ನೀನು ಗೋಡೆಯೊಳಗೇ ಇರೋದಾ ಅಂತ ಕೇಳಿದ್ದಕ್ಕೆ ನಕ್ಕಳು. ಬಸ್ಸಲ್ಲಿ ನಲವತ್ತು ನಿಮಿಷವಂತೆ.

ಊಟ ಅಂದ ಮೇಲೆ ಗಾಲೆತ್ ಬಗ್ಗೆ ಹೇಳದಿದ್ರೆ ಬ್ರಿಟನಿಗೆ ಅವಮಾನ. ಬಕ್‌ವೀಟ್ ಹಿಟ್ಟಿನ, ಕಂದು ಬಣ್ಣದ, ತೆಳ್ಳಗಿನ ದೋಸೆ. ಹೌದು, ನಾನು ದೋಸೆ ಅಂದೇ. ಒಳಗೆ ಚೀಸ್, ಮೊಟ್ಟೆ, ಅಂಚು ಮಡಚಿ ಚೌಕ ಮಾಡಿ ಕೊಡ್ತಾರೆ. ವೆಜ್ ಬೇಕಾದವರು ಅಣಬೆಯದ್ದು ಕೇಳಿ. ಚಟ್ನಿ ಇಲ್ಲ ಅನ್ನುವ ಒಂದೇ ದುಃಖ. ಆಮೇಲೆ ಕ್ವಿನ್ ಅಮಾನ್ ಅಂತ ಒಂದು ತಿಂಡಿ, ಅರ್ಧ ಬೆಣ್ಣೆ ಅರ್ಧ ಸಕ್ಕರೆ, ಮಧ್ಯೆ ನೆಪಕ್ಕೆ ಹಿಟ್ಟು. ಇಬ್ಬರಿಗೆ ಒಂದು ಸಾಕು ಮಾರಾಯ್ರೆ.

ಊಟ ಆದ ಮೇಲೆ ಗೋಡೆಯ ಪಕ್ಕ ಒಂದು ಪ್ರತಿಮೆಯ ಹತ್ರ ಬಂದೆವು. ರೊಬೆರ್ ಸುರ್ಕೂಫ್. ಕತ್ತಿ ಹಿಡಿದು, ಸಮುದ್ರದ ಕಡೆ ಬೆರಳು ತೋರಿಸ್ತಾ ನಿಂತಿದ್ದಾನೆ. 1773ರಲ್ಲಿ ಇಲ್ಲೇ ಹುಟ್ಟಿದವ. ಈ ಊರನ್ನು 'ಕೋರ್ಸೇರ್‌ಗಳ ಊರು' ಅಂತ ಕರೀತಾರೆ, ಟೀ ಶರ್ಟಿನಿಂದ ಐಸ್‌ಕ್ರೀಂವರೆಗೆ ಅದೇ ಬ್ರ್ಯಾಂಡು. ಕೋರ್ಸೇರ್ ಅಂದ್ರೆ ಕಡಲ್ಗಳ್ಳ ಅಲ್ಲ, ಅಥವಾ ಅವರ ಪ್ರಕಾರ ಅಲ್ಲ. ಶತ್ರು ದೇಶದ ವ್ಯಾಪಾರಿ ಹಡಗನ್ನು ಲೂಟಿ ಮಾಡಬಹುದು ಅಂತ ಸರ್ಕಾರದ ಪತ್ರ ಇರುವ ಖಾಸಗಿ ಹಡಗಿನವ. ಲೂಟಿಯಲ್ಲಿ ಸರ್ಕಾರಕ್ಕೆ, ಹಡಗಿನ ಮಾಲೀಕರಿಗೆ, ನಾವಿಕರಿಗೆ ಪಾಲು. ಸಿಕ್ಕಿಬಿದ್ರೆ ನೇಣಲ್ಲ, ಯುದ್ಧ ಕೈದಿಯ ಮರ್ಯಾದೆ. ಅಂದ್ರೆ ಲೈಸೆನ್ಸ್ ಇರುವ ದರೋಡೆ.

ಸುರ್ಕೂಫ್ ಬೆರಳು ಇಂಗ್ಲೆಂಡಿನ ಕಡೆ ತೋರಿಸ್ತದೆ ಅಂತಾರೆ. ಆದ್ರೆ ಅವನಿಗೆ ಹೆಸರು ತಂದ ಕಾಳಗ ನಡೆದದ್ದು ಇಂಗ್ಲೆಂಡಿನ ಹತ್ರ ಅಲ್ಲ, ಬಂಗಾಳ ಕೊಲ್ಲಿಯಲ್ಲಿ. 1800ರ ಅಕ್ಟೋಬರ್ 7ರಂದು ತನ್ನ 'ಕೊನ್ಫಿಯಾನ್ಸ್' ಹಡಗಿನಿಂದ, ಅದಕ್ಕಿಂತ ಎಷ್ಟೋ ದೊಡ್ಡದಾದ ಈಸ್ಟ್ ಇಂಡಿಯಾ ಕಂಪನಿಯ 'ಕೆಂಟ್' ಹಡಗನ್ನು ಹತ್ತಿ ವಶಪಡಿಸಿಕೊಂಡ. ಅವನ ನೆಲೆ ಇದ್ದದ್ದು ಮಾರಿಷಸ್‌ನಲ್ಲಿ. ಆಗ ಅದು ಫ್ರೆಂಚರ ದ್ವೀಪ.

ಇಲ್ಲಿ ನನ್ನ ಗೆಳತಿ ಬಾಯಿ ಬಿಟ್ಟಳು. "ಇವನ ಬಗ್ಗೆ ಇನ್ನೊಂದು ವಿಷಯ ಈ ಊರಿನವರು ಜೋರಾಗಿ ಹೇಳಲ್ಲ," ಅಂದಳು. ಸುರ್ಕೂಫ್ ಗುಲಾಮರ ವ್ಯಾಪಾರವನ್ನೂ ಮಾಡಿದವ. ಫ್ರಾನ್ಸ್ 1794ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದ ಮೇಲೂ ಆಫ್ರಿಕಾದಿಂದ ಜನರನ್ನು ಹಡಗಲ್ಲಿ ತುಂಬಿ ಆ ದ್ವೀಪಗಳಿಗೆ ಸಾಗಿಸಿದ. ಐಸ್‌ಕ್ರೀಂ ಕಪ್ಪಿನ ಮೇಲೆ ಅದು ಇಲ್ಲ.

ಆಮೇಲೆ ಅವಳು ಇನ್ನೊಂದು ಹೆಸರು ಹೇಳಿದಳು, ಮಾಹೆ ದ ಲಾ ಬೂರ್ದೊನೆ. ಅವನೂ ಇದೇ ಊರಿನವ, ಹುಟ್ಟಿದ್ದು 1699ರಲ್ಲಿ. 1735ರಿಂದ ಮಾರಿಷಸ್‌ನ ಗವರ್ನರ್. ಪೋರ್ಟ್ ಲೂಯಿಯನ್ನು ಬಂದರಾಗಿ ಬೆಳೆಸಿದವ, ಅಲ್ಲಿ ಅವನ ಪ್ರತಿಮೆ ಇದೆ, ಮಾಹೆಬುರ್ಗ್ ಎಂಬ ಊರಿಗೆ ಅವನದ್ದೇ ಹೆಸರು. "ನಾವು ಶಾಲೆಯಲ್ಲಿ ಇವನನ್ನು ದ್ವೀಪ ಕಟ್ಟಿದವ ಅಂತ ಓದಿದ್ದು. ಕಲ್ಲು ಹೊತ್ತವರು ಯಾರು ಅಂತ ಪುಸ್ತಕದಲ್ಲಿ ಅರ್ಧ ಸಾಲು ಇತ್ತು," ಅಂದಳು. ಕಲ್ಲು ಹೊತ್ತವರಲ್ಲಿ ಗುಲಾಮರಾಗಿ ತಂದ ಆಫ್ರಿಕಾದವರು, ಮಡಗಾಸ್ಕರ್‌ನವರು ಇದ್ರು. ಭಾರತದಿಂದ ಹೋದವರೂ ಇದ್ರು.

ನನಗೆ ಆ ಹೆಸರು ಎಲ್ಲೋ ಕೇಳಿದ ಹಾಗೆ ಅನ್ನಿಸಿ ಫೋನಲ್ಲಿ ಹುಡುಕಿದೆ. 1746ರಲ್ಲಿ ಇಂಗ್ಲಿಷರಿಂದ ಮದ್ರಾಸನ್ನು ಗೆದ್ದವ ಇವನೇ. ಎರಡು ವರ್ಷದ ಮೇಲೆ ಸಂಧಿಯಲ್ಲಿ ಅದು ಇಂಗ್ಲಿಷರಿಗೆ ವಾಪಸ್ ಹೋಯ್ತು. ಇವನು ಅಷ್ಟರಲ್ಲಿ ಡೂಪ್ಲೆ ಜೊತೆ ಜಗಳ ಮಾಡಿಕೊಂಡು, ಫ್ರಾನ್ಸಿಗೆ ಹೋಗಿ, ಬಾಸ್ಟೀಲ್ ಜೈಲಲ್ಲಿ ಕೂತಿದ್ದ. ಇನ್ನೂ ಹತ್ತಿರದ್ದು ಕೇಳಿ. ಮಂಗಳೂರಿಂದ ಕೋಝಿಕ್ಕೋಡಿಗೆ ರೈಲಲ್ಲಿ ಹೋಗುವಾಗ ಸಿಗ್ತದಲ್ಲ ಮಾಹೆ, ನಮ್ಮಲ್ಲಿ ಎಷ್ಟೋ ಜನಕ್ಕೆ ಬೇರೆಯೇ ಕಾರಣಕ್ಕೆ ಪರಿಚಯ, ಆ ಮಾಹೆಯನ್ನು 1725ರಲ್ಲಿ ಫ್ರೆಂಚರು ಹಿಡಿದಾಗ ಆ ದಾಳಿಯಲ್ಲಿ ಇವನಿದ್ದ.

ಇಷ್ಟಕ್ಕೇ ನಿಲ್ಲಲಿಲ್ಲ. ಟಿಪ್ಪು ಸುಲ್ತಾನ್ ಇಂಗ್ಲಿಷರ ವಿರುದ್ಧ ಸಹಾಯ ಕೇಳಿ ರಾಯಭಾರಿಗಳನ್ನು ಕಳಿಸಿದ್ದು ಅದೇ ಮಾರಿಷಸ್‌ಗೆ, ಅವರು ಅಲ್ಲಿಗೆ ತಲುಪಿದ್ದು 1798ರಲ್ಲಿ. ಸುರ್ಕೂಫ್‌ನ ನೆಲೆ ಇದ್ದ ದ್ವೀಪವೇ ಅದು. ಅಲ್ಲಿಯ ಗವರ್ನರ್ ಮಲಾರ್ತಿಕ್ ಗುಟ್ಟಾಗಿ ಇಡಬೇಕಾದ್ದನ್ನು ಊರಿಗೆಲ್ಲ ಪ್ರಕಟಣೆ ಹೊರಡಿಸಿ ಸ್ವಯಂಸೇವಕರನ್ನು ಕರೆದ. ಬಂದದ್ದು ಸುಮಾರು ನೂರು ಜನ. ಅವರು ಹಡಗು ಇಳಿದದ್ದು ಎಲ್ಲಿ ಗೊತ್ತಾ? ಮಂಗಳೂರಿನಲ್ಲಿ. ನೂರು ಜನರಿಂದ ಟಿಪ್ಪುವಿಗೆ ಸಿಕ್ಕ ಸಹಾಯ ಅಷ್ಟಕ್ಕಷ್ಟೆ. ಆದ್ರೆ ಆ ಪ್ರಕಟಣೆ ವೆಲ್ಲೆಸ್ಲಿಗೆ ಒಳ್ಳೆ ನೆಪ ಆಯ್ತು, ಮರುವರ್ಷ ಶ್ರೀರಂಗಪಟ್ಟಣ ಬಿತ್ತು.

ಶಾಲೆಯಲ್ಲಿ ನಾನು ಇದನ್ನು ಮೈಸೂರಿನ ಕಥೆಯಾಗಿ ಓದಿದ್ದೆ. ಅವಳು ಮಾರಿಷಸ್‌ನ ಕಥೆಯಾಗಿ. ಈ ಊರಿನ ಮಕ್ಕಳು ತಮ್ಮ ಕೋರ್ಸೇರ್‌ಗಳ ಕಥೆಯಾಗಿ ಓದ್ತಾರೆ. ಮೂರೂ ಒಂದೇ ಸಮುದ್ರದ ಮೇಲೆ, ಒಂದೇ ಗಾಳಿಗೆ ನಡೆದದ್ದು. ನಾವಿಬ್ಬರೂ ಆ ಪ್ರತಿಮೆಯ ಬುಡದಲ್ಲಿ ಕೂತು ಫೋನಲ್ಲಿ ಒಬ್ಬರಿಗೊಬ್ಬರು ಲಿಂಕ್ ಕಳಿಸ್ತಾ ಇದ್ದೆವು. ಪಕ್ಕದಲ್ಲಿ ಒಂದು ಶಾಲಾ ಗುಂಪು ಸುರ್ಕೂಫ್ ಹಾಗೆ ಬೆರಳು ತೋರಿಸಿ ಸೆಲ್ಫಿ ತೆಗೀತಾ ಇತ್ತು. "ಅವರ ಬೆರಳು ನಮ್ಮ ಮನೆ ಕಡೆಗೇ," ಅಂದಳು ಅವಳು. ದಿಕ್ಕಿನ ಲೆಕ್ಕದಲ್ಲಿ ತಪ್ಪು. ಆದ್ರೂ ನಾನು ತಿದ್ದಲಿಲ್ಲ.

ಪ್ರತಿಮೆ ಕಿತ್ತು ಹಾಕಬೇಕು ಅಂತ ನನಗೆ ಅನ್ನಿಸಲಿಲ್ಲ, ಅವಳಿಗೂ ಅನ್ನಿಸಲಿಲ್ಲ. ಕೆಳಗೆ ಎರಡು ಸಾಲು ಹೆಚ್ಚು ಬರೆದ್ರೆ ಸಾಕು ಅಂತ ಅವಳ ಅಭಿಪ್ರಾಯ. ಫೋರ್ ನಾಸಿಯೊನಾಲ್‌ನಲ್ಲಿ ಸತ್ತ 18 ಜನರನ್ನು ಮರೆಯದ ಊರಿಗೆ ಅಷ್ಟು ಬರೆಯುವುದು ಕಷ್ಟದ ಕೆಲಸ ಅಲ್ಲ ಅಂತ ನನ್ನದು.

ಮೂರು ಗಂಟೆ ಸುಮಾರಿಗೆ ಗ್ರಾಂ ಬೆ ದ್ವೀಪಕ್ಕೆ ನಡೆದು ಹೋದೆವು. ನೀರು ಪೂರ್ತಿ ಇಳಿದಾಗ ಮಾತ್ರ ಒಂದು ಕಲ್ಲಿನ ದಾರಿ ಕಾಣ್ತದೆ. ಮೇಲೆ ಸಾಹಿತಿ ಶಾತೊಬ್ರಿಯಾಂ ಸಮಾಧಿ ಇದೆ. ಅವನೂ ಇಲ್ಲಿಯವನೇ, 1848ರಲ್ಲಿ ತೀರಿಕೊಂಡ. ಸಮಾಧಿಯ ಕಲ್ಲಿನ ಮೇಲೆ ಹೆಸರೇ ಇಲ್ಲ, ಒಂದು ಶಿಲುಬೆ ಮಾತ್ರ, ಎದುರಿಗೆ ಸಮುದ್ರ. ಅವನ ಅಪ್ಪ ಹಣ ಮಾಡಿದ್ದು ಹಡಗು ವ್ಯಾಪಾರದಲ್ಲಿ, ಗುಲಾಮರ ಸಾಗಣೆಯೂ ಸೇರಿ. ಈ ಊರಲ್ಲಿ ಯಾವ ಕಲ್ಲು ಎತ್ತಿದ್ರೂ ಕೆಳಗೆ ಹಡಗೇ ಸಿಗ್ತದೆ.

ಹೋಗುವವರಿಗೆ ಒಂದು ಮಾತು, ಇದನ್ನು ದಯವಿಟ್ಟು ಸ್ಕಿಪ್ ಮಾಡಬೇಡಿ. ಈ ದಾರಿಗೆ ಹೋಗುವ ಮೊದಲು ಆ ದಿನದ ಉಬ್ಬರದ ಟೈಮ್ ಟೇಬಲ್ ನೋಡಿ. ಟೂರಿಸ್ಟ್ ಆಫೀಸಲ್ಲಿ, ಫೋನಲ್ಲಿ ಎಲ್ಲಾ ಕಡೆ ಸಿಗ್ತದೆ. ಅದರ ಜೊತೆ 20ರಿಂದ 120ರ ತನಕ ಒಂದು ಅಂಕಿ ಕೊಡ್ತಾರೆ, ಉಬ್ಬರ ಎಷ್ಟು ದೊಡ್ಡದು ಅಂತ ಅಳೆಯಲು. 100ರ ಮೇಲಿದ್ರೆ ನೋಡಲು ಹಬ್ಬ, ನಡೆಯಲು ಎಚ್ಚರ. ದಾರಿ ಮುಳುಗಲು ಶುರುವಾದ್ರೆ ದಾಟುವ ಸಾಹಸ ಬೇಡ, ದ್ವೀಪದ ಮೇಲೇ ಕೂತು ನೀರು ಇಳಿಯುವ ತನಕ ಕಾಯಿರಿ. ಗಂಟೆಗಟ್ಟಲೆ ಚಳಿ ಆಗ್ತದೆ, ಅಷ್ಟೇ. ಈಜು ಬರ್ತದೆ ಅಂತ ಇಳಿಯುವವರು ನಮ್ಮ ಕಡೆಯೂ ಇದ್ದಾರೆ, ಅಲ್ಲಿಯೂ ಇದ್ದಾರೆ. ಸೆಳೆತದ ಮುಂದೆ ಈಜು ಲೆಕ್ಕಕ್ಕಿಲ್ಲ.

ಸಂಜೆ ಏಳರ ಹೊತ್ತಿಗೆ ನೀರು ಪುನಃ ಗೋಡೆಗೆ ಬಂದಿತ್ತು. ಬೀಚಿನಲ್ಲಿ ಸಮುದ್ರದ ನೀರನ್ನೇ ಹಿಡಿದಿಡುವ ಒಂದು ಈಜುಕೊಳ ಇದೆ, ಬೋನ್ ಸೆಕೂರ್ ಅಂತ. ಮಧ್ಯಾಹ್ನ ಮರಳಿನ ನಡುವೆ ಕೆರೆಯ ಹಾಗಿದ್ದದ್ದು ಈಗ ಕಾಣಲೇ ಇಲ್ಲ. ಡೈವಿಂಗ್ ಹಲಗೆಯ ಕಾಂಕ್ರೀಟ್ ಗೋಪುರ ಮಾತ್ರ ನಡು ಸಮುದ್ರದಲ್ಲಿ ಒಂಟಿಯಾಗಿ ನಿಂತಿತ್ತು. ಇಬ್ಬರು ಹುಡುಗರು ಈಜಿ ಹೋಗಿ ಅದರ ಮೇಲೆ ಹತ್ತಿ ಕೂತಿದ್ರು. ನಮ್ಮ ಟ್ರೈನಿಗೆ ಇನ್ನು ಮುಕ್ಕಾಲು ಗಂಟೆ ಇತ್ತು, ಸ್ಟೇಷನ್ನಿಗೆ ಇಪ್ಪತ್ತು ನಿಮಿಷದ ನಡಿಗೆ. ಗೆಳತಿ ಉಳಿದ ಕ್ವಿನ್ ಅಮಾನ್ ತೆಗೆದಳು, ಗೋಡೆ ಮೇಲೆ ಕೂತು ತಿಂದು ಹೊರಟೆವು.